ಕಡಿಮೆ ಸೆಳೆತದ ಬಿಲ್ಲಿನಿಂದ ಜಿಂಕೆ ಬೇಟೆ: ಬಲಕ್ಕಿಂತ ಅಂತರವೇ ಮುಖ್ಯ

ಅಮೆರಿಕದಲ್ಲಿ ಜಿಂಕೆ ಬೇಟೆಗೆ ಬಂದೂಕಿನ ಋತುವಿರುವಂತೆ ಬಿಲ್ಲುಬಾಣದ ಋತುವೂ ಪ್ರತ್ಯೇಕವಾಗಿದೆ. ಈ ಋತುವಿನಲ್ಲಿ ಕಾಡು ಹೊಗುವವರಲ್ಲಿ ಹೆಚ್ಚಿನವರು ಹಿಡಿಯುವುದು ರಾಟೆಗಳನ್ನು ಜೋಡಿಸಿದ ಕಾಂಪೌಂಡ್ ಬಿಲ್ಲು ಅಥವಾ ಕ್ರಾಸ್‌ಬೋ. ಇವರ ನಡುವೆ ರಾಟೆ, ದೂರದರ್ಶಕ, ಗುರಿಕಡ್ಡಿ ಯಾವುದೂ ಇಲ್ಲದ ಸಾಂಪ್ರದಾಯಿಕ ಬಿಲ್ಲನ್ನೇ ನೆಚ್ಚಿಕೊಂಡ ಬೇಟೆಗಾರರೂ ಇದ್ದಾರೆ. ಅವರಲ್ಲಿ ಕೆಲವರ ಬಿಲ್ಲಿನ ಸೆಳೆತ ಕೇವಲ 35ರಿಂದ 45 ಪೌಂಡ್. ಇಷ್ಟು ಮೆದುವಾದ ಬಿಲ್ಲು ಜಿಂಕೆಯಂಥ ಪ್ರಾಣಿಯನ್ನು ನರಳಿಸದೆ ಕೊಲ್ಲಬಲ್ಲುದೇ ಎಂಬುದು ಅಲ್ಲಿನ ಬೇಟೆಗಾರರ ವಲಯದಲ್ಲಿ ಬಹುಕಾಲದಿಂದ ಚರ್ಚೆಯಲ್ಲಿರುವ ಪ್ರಶ್ನೆ. ಕೊಲ್ಲಬಲ್ಲುದು, ಆದರೆ ಕೆಲವು ಕಟ್ಟುನಿಟ್ಟಾದ ಷರತ್ತುಗಳಿಗೆ ಒಳಪಟ್ಟು ಮಾತ್ರ ಎಂಬುದು ಅದಕ್ಕೆ ಉತ್ತರ. ಷರತ್ತು ತಪ್ಪಿದರೆ ಅದರ ಬೆಲೆ ತೆರುವುದು ಗಾಯಗೊಂಡು ಓಡಿಹೋದ ಪ್ರಾಣಿ.

ಸೆಳೆತದ ಭಾರ ಎಂದರೇನು?

ಹೆದೆಯನ್ನು ಪೂರ್ತಿಯಾಗಿ ಹಿಂದಕ್ಕೆ ಎಳೆದಾಗ ಬಿಲ್ಲುಗಾರನ ಬೆರಳುಗಳ ಮೇಲೆ ಬೀಳುವ ಬಲವೇ ಸೆಳೆತದ ಭಾರ. ಇದನ್ನು ಸಾಮಾನ್ಯವಾಗಿ 28 ಅಂಗುಲ ಎಳೆತದಲ್ಲಿ ಅಳೆದು, ಪೌಂಡ್‌ಗಳಲ್ಲಿ ಬಿಲ್ಲಿನ ಮೇಲೆ ಬರೆದಿರುತ್ತಾರೆ. 40 ಪೌಂಡ್ ಎಂದರೆ ಸುಮಾರು 18 ಕಿಲೋಗ್ರಾಂ ತೂಕವನ್ನು ಮೂರು ಬೆರಳುಗಳಲ್ಲಿ ಹಿಡಿದಂತೆ. ಬಿಲ್ಲಿನ ಮೇಲೆ ಬರೆದ ಅಂಕಿ ಎಲ್ಲರಿಗೂ ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ತೋಳು ಗಿಡ್ಡವಿರುವವರು 26 ಅಂಗುಲದಷ್ಟೇ ಎಳೆಯಬಲ್ಲರು. ಎಳೆತ ಒಂದು ಅಂಗುಲ ಕಡಿಮೆಯಾದರೆ ಸೆಳೆತ ಎರಡು ಮೂರು ಪೌಂಡ್ ಇಳಿಯುತ್ತದೆ. ಹೀಗಾಗಿ 40 ಪೌಂಡ್ ಎಂದು ಬರೆದ ಬಿಲ್ಲು ಅಂಥವರ ಕೈಯಲ್ಲಿ 35 ಪೌಂಡ್‌ಗೆ ಸಮೀಪವಾಗುತ್ತದೆ.

ಹೋಲಿಕೆಗೆ ಹೇಳುವುದಾದರೆ, ಒಲಿಂಪಿಕ್ ಕ್ರೀಡೆಯಲ್ಲಿ 70 ಮೀಟರ್ ದೂರದ ಗುರಿಗೆ ಬಾಣ ಬಿಡುವ ಮಹಿಳೆಯರ ರಿಕರ್ವ್ ಬಿಲ್ಲುಗಳ ಸೆಳೆತವೂ ಹೆಚ್ಚುಕಡಿಮೆ ಇದೇ ಮಟ್ಟದಲ್ಲಿರುತ್ತದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ ಯುದ್ಧನೌಕೆ ಮೇರಿ ರೋಸ್‌ನಲ್ಲಿ ದೊರೆತ ಯುದ್ಧದ ಬಿಲ್ಲುಗಳ ಸೆಳೆತ 100 ಪೌಂಡ್‌ಗೂ ಹೆಚ್ಚಿತ್ತೆಂದು ಅಂದಾಜಿಸಲಾಗಿದೆ. ಆದರೆ ಕವಚ ತೊಟ್ಟ ಸೈನಿಕನಿಗೆ ದೂರದಿಂದ ಹೊಡೆಯುವುದು ಬೇರೆ, ಹತ್ತಿರ ಬಂದ ಜಿಂಕೆಗೆ ಹೊಡೆಯುವುದು ಬೇರೆ.

ಇಶಿಯ ಬಿಲ್ಲು

ಮೆದು ಬಿಲ್ಲಿನ ಬೇಟೆಗೆ ಇತಿಹಾಸದಲ್ಲಿ ಚೆನ್ನಾಗಿ ದಾಖಲಾಗಿರುವ ಉದಾಹರಣೆ ಕ್ಯಾಲಿಫೋರ್ನಿಯದ ಯಾಹಿ ಬುಡಕಟ್ಟಿನ ಇಶಿಯದು. ಬಿಳಿಯ ವಲಸಿಗರ ಹತ್ಯಾಕಾಂಡಗಳಲ್ಲಿ ಅವನ ಜನರೆಲ್ಲ ನಾಶವಾಗಿದ್ದರು. ಒಬ್ಬಂಟಿಯಾಗಿ ಉಳಿದ ಅವನು 1911ರ ಆಗಸ್ಟ್‌ನಲ್ಲಿ ಓರೊವಿಲ್ ಪಟ್ಟಣದ ಬಳಿ ಕಾಣಿಸಿಕೊಂಡ. ಮಾನವಶಾಸ್ತ್ರಜ್ಞ ಆಲ್‌ಫ್ರೆಡ್ ಕ್ರೋಬರ್ ಅವರ ನೇತೃತ್ವದಲ್ಲಿ ಅವನಿಗೆ ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯ ವಸ್ತುಸಂಗ್ರಹಾಲಯದಲ್ಲಿ ನೆಲೆ ದೊರೆಯಿತು. ತನ್ನ ನಿಜವಾದ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ. ‘ಇಶಿ’ ಎಂದರೆ ಅವನ ಭಾಷೆಯಲ್ಲಿ ‘ಮನುಷ್ಯ’ ಎಂದಷ್ಟೇ ಅರ್ಥ. 1916ರ ಮಾರ್ಚ್‌ನಲ್ಲಿ ಕ್ಷಯರೋಗದಿಂದ ಅವನು ತೀರಿಕೊಂಡ.

ಅವನಿಗೆ ಚಿಕಿತ್ಸೆ ನೀಡುತ್ತಿದ್ದ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದಲೇ ಬಿಲ್ಲುವಿದ್ಯೆ ಕಲಿತರು. ಅವನ ವಿಧಾನಗಳನ್ನು ವಿವರವಾಗಿ ಬರೆದಿಟ್ಟರು. ಇಶಿಯ ಬಿಲ್ಲು ಜೂನಿಪರ್ ಮರದ್ದು. ಅದರ ಬೆನ್ನಿಗೆ ಜಿಂಕೆಯ ಸ್ನಾಯುರಜ್ಜುವನ್ನು ಅಂಟಿಸಲಾಗಿತ್ತು. ಉದ್ದ ಮೂರೂವರೆ ಅಡಿಯಷ್ಟು, ಸೆಳೆತ 40ರಿಂದ 45 ಪೌಂಡ್‌ನಷ್ಟು. ಬಾಣದ ತುದಿಗೆ ಅಬ್ಸಿಡಿಯನ್ ಎಂಬ ಜ್ವಾಲಾಮುಖಿ ಗಾಜಿನ ಮೊನೆ. ಬಿಲ್ಲನ್ನು ಓರೆಯಾಗಿ ಹಿಡಿದು, ಕುಕ್ಕರಗಾಲಿನಲ್ಲಿ ಕುಳಿತು, ಹೆಬ್ಬೆರಳಿನಿಂದ ಹೆದೆಯೆಳೆದು ಬಾಣ ಬಿಡುವುದು ಅವನ ರೂಢಿ.

ಇಶಿಯ ನಿಜವಾದ ಬಂಡವಾಳ ಬಿಲ್ಲಿನ ಬಲವಾಗಿರಲಿಲ್ಲ. ಬೇಟೆಯ ಹಿಂದಿನ ದಿನ ಅವನು ಮೀನು ತಿನ್ನುತ್ತಿರಲಿಲ್ಲ, ಹೊಗೆಸೊಪ್ಪು ಸೇದುತ್ತಿರಲಿಲ್ಲ. ಅವುಗಳ ವಾಸನೆ ಜಿಂಕೆಗೆ ದೂರದಿಂದಲೇ ತಿಳಿಯುತ್ತದೆ ಎಂಬುದು ಅವನ ಅರಿವು. ಬೆಳಗಿನ ಜಾವ ತೊರೆಯಲ್ಲಿ ಮಿಂದು, ಸುವಾಸನೆಯ ಎಲೆಗಳನ್ನು ಮೈಗೆ ಉಜ್ಜಿಕೊಂಡು ಹೊರಡುತ್ತಿದ್ದ. ಒಳಗೆ ತುಂಬಿ ಹೊಲಿದ ಗಂಡು ಜಿಂಕೆಯ ತಲೆಯನ್ನು ಪೊದೆಯ ಮರೆಯಿಂದ ಅಲ್ಲಾಡಿಸಿ, ಕುತೂಹಲದಿಂದ ಹತ್ತಿರ ಬಂದ ಜಿಂಕೆಗೆ ಗುರಿಯಿಡುತ್ತಿದ್ದ. ಬಿಲ್ಲಿನಿಂದ ಆಗದ ಕೆಲಸವನ್ನು ತಾಳ್ಮೆಯಿಂದ ಮಾಡಿಸುವ ಕ್ರಮ ಇದು.

ಪೋಪ್ ಮುಂದೆ ಹೆಚ್ಚು ಬಿರುಸಾದ ಯೂ ಮರದ ಬಿಲ್ಲುಗಳತ್ತ ತಿರುಗಿದರು. 1923ರಲ್ಲಿ ಪ್ರಕಟವಾದ ಅವರ ಬೇಟೆಯ ಪುಸ್ತಕ ಆಧುನಿಕ ಬಿಲ್ಲುಬೇಟೆಗೆ ತಳಹದಿಯಾಯಿತು. ವಿಸ್ಕಾನ್ಸಿನ್ ರಾಜ್ಯ 1934ರಲ್ಲಿ ಬಿಲ್ಲುಬಾಣಕ್ಕೇ ಮೀಸಲಾದ ಜಿಂಕೆ ಬೇಟೆಯ ಋತುವನ್ನು ಆರಂಭಿಸಿತು. 1966ರಲ್ಲಿ ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಕಾಂಪೌಂಡ್ ಬಿಲ್ಲಿನ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದರು. 1969ರಲ್ಲಿ ಅದು ಮಂಜೂರಾಯಿತು. ಪೂರ್ತಿ ಎಳೆದಾಗ ಭಾರವನ್ನು ಇಳಿಸಿಕೊಡುವ ಆ ಬಿಲ್ಲು ಬಂದ ಮೇಲೆ ಸಾಂಪ್ರದಾಯಿಕ ಬಿಲ್ಲು ಆಸಕ್ತರ ಆಯ್ಕೆಯಾಗಿ ಉಳಿಯಿತು.

ಬಾಣ ಕೊಲ್ಲುವ ಬಗೆ

ಬಂದೂಕಿನ ಗುಂಡಿಗೂ ಬಾಣಕ್ಕೂ ಮೂಲಭೂತ ವ್ಯತ್ಯಾಸವಿದೆ. ಜಿಂಕೆ ಬೇಟೆಯಲ್ಲಿ ಬಳಸುವ ಸಾಮಾನ್ಯ ರೈಫಲ್‌ನ ಗುಂಡು 3,500 ಜೂಲ್‌ಗೂ ಹೆಚ್ಚಿನ ಶಕ್ತಿಯೊಂದಿಗೆ ಹೊರಡಬಲ್ಲುದು. 40 ಪೌಂಡ್‌ನ ಬಿಲ್ಲು ಸಂಗ್ರಹಿಸುವ ಶಕ್ತಿ ಸುಮಾರು 45 ಜೂಲ್. ಅದರಲ್ಲಿ ಒಂದಂಶ ಬಿಲ್ಲಿನ ಬಾಹುಗಳ ಚಲನೆಗೇ ವ್ಯಯವಾಗಿ, ಬಾಣಕ್ಕೆ ದಕ್ಕುವುದು 30 ಜೂಲ್ ಆಸುಪಾಸು. ಗುಂಡಿನ ಶಕ್ತಿಯ ನೂರರಲ್ಲಿ ಒಂದು ಪಾಲೂ ಅಲ್ಲ. ಆದರೂ ಬಾಣ ಕೊಲ್ಲುತ್ತದೆ, ಏಕೆಂದರೆ ಅದು ಕೊಲ್ಲುವುದು ಆಘಾತದಿಂದಲ್ಲ, ಕೊಯ್ಯುವುದರಿಂದ. ಹರಿತವಾದ ಅಲಗು ಎರಡೂ ಶ್ವಾಸಕೋಶಗಳನ್ನು ಹಾಯ್ದುಹೋದರೆ ರಕ್ತಸ್ರಾವದಿಂದ ಜಿಂಕೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಕಳೆದುಕೊಂಡು ಬೀಳುತ್ತದೆ.

ಆದ್ದರಿಂದಲೇ ಕಡಿಮೆ ಸೆಳೆತದ ಬಿಲ್ಲಿಗೆ ಅಲಗಿನ ಆಯ್ಕೆ ನಿರ್ಣಾಯಕ. ಮೂರು ನಾಲ್ಕು ಅಲಗುಗಳ ಮೊನೆ ದೊಡ್ಡ ಗಾಯ ಮಾಡುತ್ತದೆ ನಿಜ, ಆದರೆ ಒಳಹೋಗಲು ಹೆಚ್ಚು ಶಕ್ತಿಯನ್ನು ಬೇಡುತ್ತದೆ. ತಗುಲಿದಾಗ ಬಿಚ್ಚಿಕೊಳ್ಳುವ ಯಾಂತ್ರಿಕ ಮೊನೆಗಳು ಬಿಚ್ಚಿಕೊಳ್ಳುವುದಕ್ಕೇ ಶಕ್ತಿಯನ್ನು ಕಳೆಯುತ್ತವೆ. ಮೆದು ಬಿಲ್ಲಿಗೆ ಸಲ್ಲುವುದು ಎರಡೇ ಅಲಗಿನ, ಉದ್ದನೆಯ, ಕ್ಷೌರದ ಕತ್ತಿಯಷ್ಟು ಹರಿತವಾದ ಸ್ಥಿರ ಮೊನೆ. ಹರಿತದ ಮಹತ್ವವನ್ನು ಪೋಪ್ ಅವರೇ ಪರೀಕ್ಷಿಸಿದ್ದರು. ಜಿಂಕೆಯ ಚರ್ಮ ಹೊದಿಸಿ ದನದ ಯಕೃತ್ತು ತುಂಬಿದ ಪೆಟ್ಟಿಗೆಗೆ ಎರಡು ಬಗೆಯ ಬಾಣಗಳನ್ನು ಬಿಟ್ಟಾಗ, ಉಕ್ಕಿನ ಮೊನೆಗಿಂತ ಇಶಿಯ ಕಾಲದ ಅಬ್ಸಿಡಿಯನ್ ಮೊನೆಯೇ ಆಳಕ್ಕೆ ಇಳಿಯಿತು.

ಬಾಣದ ತೂಕವೂ ಮುಖ್ಯ. ಹಗುರ ಬಾಣ ವೇಗವಾಗಿ ಹೋಗುತ್ತದೆ, ಆದರೆ ಬಿಲ್ಲಿನ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಪಡೆಯುವುದು ಭಾರವಾದ ಬಾಣ. ಅಡೆತಡೆ ಎದುರಾದಾಗ ಅದು ಬೇಗ ನಿಲ್ಲುವುದಿಲ್ಲ. ಬಿಲ್ಲು ಬಿಡುವ ಸದ್ದನ್ನೂ ತಗ್ಗಿಸುತ್ತದೆ. ಬಾಣದ ಕಡ್ಡಿಯ ಬಾಗುವಿಕೆ ಬಿಲ್ಲಿಗೆ ಹೊಂದಿಕೆಯಾಗದಿದ್ದರೆ ಬಾಣ ಓಲಾಡುತ್ತಾ ಸಾಗಿ, ಓರೆಯಾಗಿ ತಗುಲುತ್ತದೆ. ಇರುವ ಅಲ್ಪ ಶಕ್ತಿಯೂ ಆಗ ವ್ಯರ್ಥ.

ಹದಿನೈದು ಮೀಟರ್‌ನ ಲೆಕ್ಕ

40 ಪೌಂಡ್ ಬಿಲ್ಲಿನಿಂದ ಹೊರಟ 29 ಗ್ರಾಂ ತೂಕದ ಬಾಣದ ವೇಗ ಸೆಕೆಂಡಿಗೆ ಸುಮಾರು 45 ಮೀಟರ್. 15 ಮೀಟರ್ ದೂರದ ಜಿಂಕೆಯನ್ನು ತಲಪಲು ಅದಕ್ಕೆ ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಹೆದೆಯ ಸದ್ದು ಅದಕ್ಕಿಂತ ಬಹಳ ಮೊದಲೇ ಜಿಂಕೆಯ ಕಿವಿಗೆ ಬಿದ್ದಿರುತ್ತದೆ. ಬೆದರಿದ ಜಿಂಕೆ ನೆಗೆಯುವ ಮುನ್ನ ಕಾಲು ಮಡಿಸಿ ಮೈಯನ್ನು ಕೆಳಗಿಳಿಸುತ್ತದೆ. ಶ್ವಾಸಕೋಶಕ್ಕೆ ಇಟ್ಟ ಗುರಿ ಆಗ ಬೆನ್ನಿಗೆ ತಗುಲಬಹುದು. ದೂರ 30 ಮೀಟರ್ ಆದರೆ ಜಿಂಕೆಗೆ ಸಿಗುವ ಕಾಲಾವಕಾಶ ಇಮ್ಮಡಿ. ಅನುಭವಿ ಬೇಟೆಗಾರರು ಮೆದು ಬಿಲ್ಲಿಗೆ 15ರಿಂದ 20 ಮೀಟರ್‌ನ ಒಳಗಿನ ಅಂತರವನ್ನೇ ಮಿತಿಯಾಗಿ ಇಟ್ಟುಕೊಳ್ಳುವುದು ಈ ಕಾರಣಕ್ಕೆ.

ಕೋನದ ವಿಷಯದಲ್ಲೂ ಅಷ್ಟೇ ಶಿಸ್ತು ಬೇಕು. ಜಿಂಕೆ ಪಕ್ಕೆ ತೋರಿ ನಿಂತಾಗ, ಇಲ್ಲವೇ ಬೇಟೆಗಾರನಿಂದ ಆಚೆಗೆ ಸ್ವಲ್ಪ ಓರೆಯಾಗಿ ತಿರುಗಿದಾಗ ಮಾತ್ರ ಬಾಣ ಪಕ್ಕೆಲುಬುಗಳ ನಡುವೆ ಹಾಯ್ದು ಶ್ವಾಸಕೋಶ ಸೇರುತ್ತದೆ. ಎದುರಾಗಿ ನಿಂತ ಜಿಂಕೆಗೆ ಬಾಣ ಬಿಡಬಾರದು. ಭುಜದ ಗಟ್ಟಿ ಮೂಳೆಯನ್ನು ಸೀಳುವ ಶಕ್ತಿ ಮೆದು ಬಿಲ್ಲಿಗೆ ಇಲ್ಲ. ಮರದ ಮೇಲಿನ ಅಟ್ಟಣೆಯಿಂದ ತೀರಾ ಕಡಿದಾಗಿ ಕೆಳಕ್ಕೆ ಬಿಟ್ಟ ಬಾಣ ಒಂದೇ ಶ್ವಾಸಕೋಶಕ್ಕೆ ತಗುಲುವ ಅಪಾಯವಿದೆ.

ಹಾಗಾದರೆ ಬಿರುಸಾದ ಬಿಲ್ಲನ್ನೇ ಬಳಸಬಾರದೇಕೆ? ಸಾಂಪ್ರದಾಯಿಕ ಬಿಲ್ಲಿನಲ್ಲಿ ಪೂರ್ತಿ ಭಾರವನ್ನು ಕೊನೆಯವರೆಗೂ ತೋಳೇ ಹೊರಬೇಕು. ಶಕ್ತಿಗೆ ಮೀರಿದ ಬಿಲ್ಲನ್ನು ಹಿಡಿದವನ ಕೈ ನಡುಗುತ್ತದೆ, ಎಳೆತ ಅರ್ಧಕ್ಕೇ ನಿಲ್ಲುತ್ತದೆ, ಗುರಿ ತಪ್ಪುತ್ತದೆ. 60 ಪೌಂಡ್‌ನ ಬಾಣ ಹೊಟ್ಟೆಗೆ ತಗುಲುವುದಕ್ಕಿಂತ 40 ಪೌಂಡ್‌ನ ಬಾಣ ಶ್ವಾಸಕೋಶಕ್ಕೆ ತಗುಲುವುದು ಎಷ್ಟೋ ಮೇಲು. ಮಹಿಳೆಯರು, ವಯಸ್ಸಾದವರು, ಭುಜದ ನೋವಿರುವವರು ಮೆದು ಬಿಲ್ಲನ್ನು ಆಯ್ದುಕೊಳ್ಳುವುದರ ಹಿಂದೆ ಈ ತರ್ಕವಿದೆ.

ಬಾಣ ತಗುಲಿದ ಮೇಲೆ

ಬಾಣ ತಗುಲಿದೊಡನೆ ಜಿಂಕೆಯ ಹಿಂದೆ ಓಡುವುದು ದೊಡ್ಡ ತಪ್ಪು. ಅಟ್ಟಿದರೆ ಅದು ದೂರ ಓಡುತ್ತದೆ, ಬಿಟ್ಟರೆ ಸಮೀಪದಲ್ಲೇ ಮಲಗುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯಾದರೂ ಕಾದು, ಬಾಣ ಬಿದ್ದ ಸ್ಥಳದಿಂದ ರಕ್ತದ ಜಾಡು ಹಿಡಿಯುತ್ತಾರೆ. ನೊರೆಯಿರುವ ತಿಳಿಗೆಂಪು ರಕ್ತ ಶ್ವಾಸಕೋಶದ ಗಾಯವನ್ನು ಸೂಚಿಸುತ್ತದೆ. ಕಡುಗೆಂಪು ರಕ್ತ ಯಕೃತ್ತಿನದು. ಬಾಣದ ಮೇಲೆ ಹಸಿರು ಬಣ್ಣದ ಜೀರ್ಣವಾಗದ ಮೇವು, ದುರ್ವಾಸನೆ ಇದ್ದರೆ ಅದು ಹೊಟ್ಟೆಗೆ ಬಿದ್ದ ಪೆಟ್ಟು. ಅಂಥ ಜಿಂಕೆ ಸಾಯಲು ಹಲವು ಗಂಟೆ ಬೇಕಾಗುತ್ತದೆ.

ಬಿಲ್ಲುಬೇಟೆಯನ್ನು ವಿರೋಧಿಸುವವರ ಮುಖ್ಯ ಆಕ್ಷೇಪ ಇರುವುದೂ ಇಲ್ಲಿಯೇ. ಮೇರಿಲ್ಯಾಂಡ್ ರಾಜ್ಯದ ನೌಕಾನೆಲೆಯೊಂದರಲ್ಲಿ 1989ರಿಂದ 2006ರವರೆಗೆ ನಡೆದ ನಿಯಂತ್ರಿತ ಬೇಟೆಯ ಅಧ್ಯಯನದಲ್ಲಿ, ಬಾಣ ತಗುಲಿದ ಜಿಂಕೆಗಳ ಪೈಕಿ ಸುಮಾರು ಶೇ 18ರಷ್ಟು ಬೇಟೆಗಾರರಿಗೆ ಸಿಗಲಿಲ್ಲ. ಅಲ್ಲಿ ಬಳಕೆಯಾದದ್ದು ಆಧುನಿಕ ಬಿಲ್ಲುಗಳು ಎಂಬುದು ಗಮನಾರ್ಹ. ಗುರಿಕಡ್ಡಿಯೂ ಇಲ್ಲದ ಮೆದು ಬಿಲ್ಲನ್ನು ಹಿಡಿದವರ ಹೊಣೆ ಅದಕ್ಕಿಂತ ಹೆಚ್ಚಿನದು.

ಕಾನೂನಿನ ಮಿತಿ

ಅಮೆರಿಕದ ಹಲವು ರಾಜ್ಯಗಳು ಜಿಂಕೆ ಬೇಟೆಗೆ ಬಿಲ್ಲಿನ ಕನಿಷ್ಠ ಸೆಳೆತವನ್ನು ನಿಗದಿಪಡಿಸಿವೆ. ವಿಸ್ಕಾನ್ಸಿನ್‌ನಲ್ಲಿ ಇದು 30 ಪೌಂಡ್, ಕೊಲೊರಾಡೊದಲ್ಲಿ 35, ವಾಷಿಂಗ್ಟನ್ ರಾಜ್ಯದಲ್ಲಿ 40. ಅಲಾಸ್ಕದಲ್ಲಿ ಕಪ್ಪುಬಾಲದ ಜಿಂಕೆಗೆ 40, ಬೃಹದ್ಗಾತ್ರದ ಮೂಸ್‌ಗೆ 50. ಮೊನೆಯ ಅಗಲ ಕನಿಷ್ಠ ಮುಕ್ಕಾಲು ಅಂಗುಲಕ್ಕಿಂತ ತುಸು ಹೆಚ್ಚು, ಅಂದರೆ 22 ಮಿಲಿಮೀಟರ್, ಇರಬೇಕೆಂಬ ನಿಯಮವೂ ಹಲವೆಡೆ ಇದೆ. ಪರವಾನಗಿ, ಋತು, ಕೊಲ್ಲಬಹುದಾದ ಸಂಖ್ಯೆ ಎಲ್ಲಕ್ಕೂ ನಿರ್ಬಂಧವಿದೆ. ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ಸಂರಕ್ಷಣೆಗೆ ಮೀಸಲಿಡುವ 1937ರ ಕಾಯಿದೆಯ ವ್ಯಾಪ್ತಿಗೆ 1970ರ ದಶಕದಲ್ಲಿ ಬಿಲ್ಲುಬಾಣಗಳನ್ನೂ ತರಲಾಯಿತು. ಇನ್ನೊಂದೆಡೆ ಬ್ರಿಟನ್‌ನಲ್ಲಿ ಕಾಡುಪ್ರಾಣಿಗಳನ್ನು ಬಿಲ್ಲಿನಿಂದ ಕೊಲ್ಲುವುದು ಕಾನೂನುಬಾಹಿರ.

ಭಾರತದಲ್ಲಿ ಇಂಥ ಬೇಟೆಗೆ ಅವಕಾಶವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ ಇವುಗಳ ಬೇಟೆ ಶಿಕ್ಷಾರ್ಹ ಅಪರಾಧ. ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದು, ಅಟ್ಟುವುದು, ಅದಕ್ಕೆ ಯತ್ನಿಸುವುದು ಕೂಡ ಈ ಕಾಯಿದೆಯಲ್ಲಿ ಬೇಟೆ ಎಂಬ ಪದದ ವ್ಯಾಖ್ಯೆಗೆ ಸೇರುತ್ತವೆ. ಆಯುಧ ಬಂದೂಕೋ ಬಿಲ್ಲೋ ಎಂಬ ಭೇದವಿಲ್ಲ. ಕರ್ನಾಟಕದ ಬಿಲ್ಲುಗಾರರಿಗೆ ಈ ವಿದ್ಯೆ ಮೈದಾನದ ಗುರಿಹಲಗೆಗೆ ಸೀಮಿತ.

ಬೇಟೆಗೆ ಅನುಮತಿಯಿರುವ ನಾಡುಗಳಲ್ಲೂ ಕಾನೂನು ನಿಗದಿಪಡಿಸುವುದು ಬಿಲ್ಲಿನ ಕನಿಷ್ಠ ಬಲವನ್ನು ಮಾತ್ರ. ಅಲಗು ಹರಿತವಾಗಿದೆಯೇ, ಜಿಂಕೆ ಪಕ್ಕೆ ತೋರಿ ನಿಂತಿದೆಯೇ, ಅಂತರ ತನ್ನ ಮಿತಿಯೊಳಗಿದೆಯೇ ಎಂಬುದನ್ನು ಆ ಕ್ಷಣದಲ್ಲಿ ನಿರ್ಧರಿಸಬೇಕಾದವನು ಬೇಟೆಗಾರನೇ. ಕಡಿಮೆ ಸೆಳೆತದ ಬಿಲ್ಲು ಹಿಡಿದವನು ಬಾಣ ಬಿಡದೆ ಹೆದೆಯಿಳಿಸಿ, ಬರಿಗೈಯಲ್ಲಿ ಮರಳುವ ದಿನಗಳೇ ಹೆಚ್ಚು. ಅದಕ್ಕೆ ಸಿದ್ಧನಿಲ್ಲದವನು ಆ ಬಿಲ್ಲನ್ನು ಬೇಟೆಗೆ ಒಯ್ಯಬಾರದು.