ಕಾಲು ತೊಳೆದ ಗುರು

ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ಹಿಂದಿನ ಮೈಸೂರು ಸಂಸ್ಥಾನದ ಎಲ್ಲೆ ಮುಗಿದು ಧಾರವಾಡದ ಸೀಮೆ ಮೊದಲಾಗುತ್ತಿತ್ತು. ಹುಬ್ಬಳ್ಳಿಯ ಕಡೆಗೆ ರೈಲಿನಲ್ಲಿ ಹೊರಟವರಿಗೆ ಮೊದಲು ರಾಣೆಬೆನ್ನೂರು, ಆಮೇಲೆ ಬ್ಯಾಡಗಿ, ಅನಂತರ ಹಾವೇರಿ ಸಿಕ್ಕುತ್ತವೆ. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಮೂರು ಊರುಗಳೂ ಧಾರವಾಡ ಜಿಲ್ಲೆಗೆ ಸೇರಿದ್ದವು. ಬ್ಯಾಡಗಿಯ ಮೆಣಸಿನಕಾಯಿಯನ್ನೂ ಹಾವೇರಿಯ ಏಲಕ್ಕಿ ಹಾರವನ್ನೂ ಅರಿಯದವರು ವಿರಳ. ಆದರೆ ನಾನು ಹೇಳಹೊರಟಿರುವುದು ಈ ಸೀಮೆಯಲ್ಲಿ ಬಹುಕಾಲದಿಂದ ಬೆಲೆಬಾಳುತ್ತಿರುವ ಒಂದು ಶಬ್ದವನ್ನು ಕುರಿತು. ಆ ಶಬ್ದವೇ ‘ದಾಸ’.

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನ ಭಕ್ತರಾದ ಕನಕದಾಸರು ಮೊದಲು ಬಾಡದ ನಾಯಕರಾಗಿದ್ದರೆಂಬುದು ಐತಿಹ್ಯ. ಕತ್ತಿಯನ್ನು ಕೆಳಗಿಟ್ಟು ತಂಬೂರಿಯನ್ನು ಹಿಡಿದ ಮೇಲೆ ಜನ ಅವರನ್ನು ಮರೆಯಲಿಲ್ಲ. ಪಾಳೆಯಗಾರನಿಗೆ ದೊರೆಯದ ಮನ್ನಣೆ ದಾಸನಿಗೆ ದೊರೆಯಿತು. ಅದಕ್ಕೂ ಬಹು ಹಿಂದೆ, ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರಕ್ಕೆ ಹೆಸರು ಕೊಟ್ಟ ಅಂಬಿಗರ ಚೌಡಯ್ಯನು ದೋಣಿ ನಡೆಸುವ ತನ್ನ ಕಾಯಕದ ಹೆಸರಿನಿಂದಲೇ ಶರಣರ ನಡುವೆ ನಿಂತನು. ಹೀಗೆ ಸೇವೆಯಿಂದಲೇ ಹಿರಿತನ ಬರುವುದೆಂಬ ಭಾವನೆ ಇಲ್ಲಿನವರಿಗೆ ಹೊಸದಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಮಾತನ್ನು ಮತ್ತೊಂದು ಗ್ರಂಥದಿಂದ ಹೊತ್ತು ತಂದವರು ಕ್ರೈಸ್ತ ಪಾದ್ರಿಗಳು. ಅವರ ಮಾತಿಗೂ ನಡತೆಗೂ ನಡುವೆ ಏನಾಯಿತೆಂಬುದೇ ಈ ಹೊತ್ತಿನ ವಿಷಯ.

ಮೊದಲು ಆ ಮಾತೇನೆಂಬುದನ್ನು ನೋಡೋಣ. ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯಾಕೋಬ, ಯೋಹಾನ ಎಂಬ ಇಬ್ಬರು ಶಿಷ್ಯರು ಯೇಸುವಿನ ಬಳಿಗೆ ಬಂದು, ಆತನ ಮಹಿಮೆಯ ಕಾಲದಲ್ಲಿ ತಮಗೆ ಎಡಬಲದ ಆಸನಗಳು ಬೇಕೆಂದು ಕೇಳುತ್ತಾರೆ. ಉಳಿದ ಹತ್ತು ಮಂದಿಗೆ ಸಿಟ್ಟು ಬರುತ್ತದೆ. ಅವರಿಗೂ ಆ ಆಸನಗಳ ಮೇಲೆ ಕಣ್ಣಿದ್ದಿರಬೇಕು. ಅನ್ಯಜನರ ಅರಸರು ದೊರೆತನ ನಡೆಸುತ್ತಾರೆ, ನಿಮ್ಮಲ್ಲಿ ಹಾಗಾಗಕೂಡದು, ಹಿರಿಯನಾಗಬಯಸುವವನು ಉಳಿದವರ ಊಳಿಗಕ್ಕೆ ನಿಲ್ಲಬೇಕು ಎಂಬುದು ಗುರುವಿನ ಉತ್ತರದ ಸಾರಾಂಶ. ಅಲ್ಲಿ ಗ್ರೀಕಿನಲ್ಲಿ ಎರಡು ಶಬ್ದಗಳಿವೆ. ಒಂದಕ್ಕೆ ಪಂಕ್ತಿಯಲ್ಲಿ ಬಡಿಸುವವನೆಂದೂ ಇನ್ನೊಂದಕ್ಕೆ ಕೊಂಡುತಂದ ತೊತ್ತೆಂದೂ ಮೂಲಾರ್ಥ. ಎರಡನೆಯದನ್ನು ಕನ್ನಡದಲ್ಲಿ ‘ದಾಸ’ ಎಂದರೆ ಕಿವಿಗೆ ಇಂಪು; ‘ಆಳು’ ಎಂದರೆ ಹಾಗಲ್ಲ. ಜೀತದ ಆಳು ಹಟ್ಟಿಯಲ್ಲಿ ಉಣ್ಣುವವನು, ಗೌಡನ ಕಟ್ಟೆಯೇರಿ ಕೂರಲಾರದವನು. ಗೌಡನಿಗೆ ನೀನು ದೇವರ ದಾಸನಾಗು ಎಂದರೆ ಅವನು ತಲೆದೂಗಿಯಾನು. ನಿನ್ನ ಆಳಿಗೆ ನೀನು ಆಳಾಗು ಎಂದರೆ ಎದ್ದುಹೋದಾನು. ಸುವಾರ್ತೆ ಹೇಳುವುದು ಈ ಎರಡನೆಯ ಮಾತನ್ನು.

ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಇದೇ ಮಾತು ಕ್ರಿಯೆಯಾಗಿದೆ. ಕೊನೆಯ ರಾತ್ರಿ ಊಟದ ನಡುವೆ ಗುರುವು ಎದ್ದು, ಮೇಲುಹೊದಿಕೆಯನ್ನು ತೆಗೆದಿಟ್ಟು, ಸೊಂಟಕ್ಕೆ ವಸ್ತ್ರ ಸುತ್ತಿ, ಶಿಷ್ಯರ ಕಾಲುಗಳನ್ನು ತೊಳೆಯುತ್ತಾನೆ. ನಮ್ಮ ನಾಡಿನಲ್ಲಿ ಮನೆಗೆ ಬಂದವರ ಕಾಲಿಗೆ ನೀರು ಕೊಡುವುದು ಸಾಮಾನ್ಯ ಮರ್ಯಾದೆ. ಗುರುವಿನ ಪಾದವನ್ನು ಶಿಷ್ಯನು ತೊಳೆದು ಪಾದೋದಕವನ್ನು ಸ್ವೀಕರಿಸುವುದು ವೀರಶೈವರಲ್ಲಿ ಅಷ್ಟಾವರಣಗಳಲ್ಲೊಂದು. ನೀರು ಅದೇ, ಬೋಗುಣಿ ಅದೇ. ಬಾಗಿದವರು ಮಾತ್ರ ಅದಲುಬದಲಾಗಿದ್ದಾರೆ. ನೀನು ನನ್ನ ಕಾಲನ್ನು ಎಂದಿಗೂ ತೊಳೆಯಕೂಡದೆಂದು ಪೇತ್ರನು ಹಿಂಜರಿದುದು ಯೂರೋಪಿನ ಓದುಗರಿಗಿಂತ ಹಾವೇರಿಯ ಯಾವುದಾದರೂ ಮಠದ ಭಕ್ತನಿಗೆ ಚೆನ್ನಾಗಿ ಅರ್ಥವಾದೀತು. ಆರನೆಯ ಶತಮಾನದ ಕೊನೆಯಲ್ಲಿ ರೋಮಿನ ಪೋಪ್ ಒಂದನೆಯ ಗ್ರೆಗರಿಯು ತನ್ನನ್ನು ದೇವರ ಸೇವಕರಿಗೆ ಸೇವಕನೆಂದು ಕರೆದುಕೊಂಡನು. ಆ ಬಿರುದು ಅಂದಿನಿಂದಲೂ ಉಳಿದಿದೆ. ಅದನ್ನು ಧರಿಸಿದವರೆಲ್ಲರೂ ಬೋಗುಣಿ ಹಿಡಿದರೆಂದು ಚರಿತ್ರಕಾರನು ಹೇಳಲಾರನು.

ಇನ್ನು ನಮ್ಮ ಸೀಮೆಗೆ ಬರೋಣ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿನ ಮೊದಲ ಮೂವರು ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, ಅನಂತರ ಬೆಟಗೇರಿ, ಗುಳೇದಗುಡ್ಡಗಳಲ್ಲಿ ನೆಲೆಗಳಾದವು. ಹಾವೇರಿ, ರಾಣೆಬೆನ್ನೂರುಗಳು ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಬರುವ ದಾರಿಯ ಮೇಲಿನ ಊರುಗಳು. ಪಾದ್ರಿಯು ಸಂತೆಯಲ್ಲಿ ನಿಂತು ತಾನು ಸೇವಕನೆಂದು ಸಾರಿದರೂ, ಬಿಳಿಯರನ್ನೆಲ್ಲ ‘ದೊರೆ’ ಎಂದು ಕರೆಯುವುದು ಜನರ ರೂಢಿ. ಕಲೆಕ್ಟರನೂ ದೊರೆ, ಪಾದ್ರಿಯೂ ದೊರೆ. ಇದು ಪಾದ್ರಿಯ ತಪ್ಪಲ್ಲ. ಆದರೆ ಆ ಸಂಬೋಧನೆಗೆ ಓಗೊಡುವುದು ಎಷ್ಟು ಸುಲಭವೆಂಬುದನ್ನು ಯಾವ ಅಧಿಕಾರದಲ್ಲಿದ್ದವರೂ ಬಲ್ಲರು. ವಿಚಿತ್ರವೇನೆಂದರೆ, ಹಳ್ಳಿಯಲ್ಲಿ ದೊರೆಯಾದ ಈತನೇ ಬಾಸೆಲಿನ ಕಮಿಟಿಗೆ ಸಂಪೂರ್ಣ ವಿಧೇಯನು. ಮದುವೆಯಾಗುವುದಕ್ಕೂ ಅವರ ಅಪ್ಪಣೆ ಬೇಕಾಗಿತ್ತು.

1840ರ ಸುಮಾರಿಗೆ ಕಾಲಜ್ಞಾನಿಗಳೆಂಬ ಪಂಥದ ಕೆಲವರು ಈ ಪಾದ್ರಿಗಳನ್ನು ಹುಡುಕಿಕೊಂಡು ಬಂದರು. ತಮ್ಮ ಗ್ರಂಥಗಳಲ್ಲಿ ಹೇಳಿದ್ದ ಗುರುಗಳು ಇವರೇ ಇರಬಹುದೆಂಬುದು ಅವರ ನಿರೀಕ್ಷೆ. ಪಾದ್ರಿಗಳ ಆಸೆ ಬಾನಿಗೇರಿತು. ಹೊಸ ಕ್ರೈಸ್ತರು ಒಟ್ಟಾಗಿ ಉತ್ತು ಬಿತ್ತಿ ಬಾಳಲೆಂದು ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ನೆಲವನ್ನು ಪಡೆದು ಒಕ್ಕಲುತನದ ನೆಲೆಯೊಂದನ್ನು ಸ್ಥಾಪಿಸಿದರು. ಕಾಲಜ್ಞಾನಿಗಳು ಎಣಿಸಿದಂತೆ ಬರಲಿಲ್ಲ. ಆ ನೆಲೆಯೂ ಬಯಸಿದ ಫಲವನ್ನು ಕೊಡಲಿಲ್ಲ. ಸೋಲಿಗೆ ಕಾರಣಗಳು ಹಲವು. ನನಗೆ ಮುಖ್ಯವಾಗಿ ತೋರುವುದಿಷ್ಟು: ನೆಲ ಕೊಡುವವನೂ ಉಪದೇಶ ಮಾಡುವವನೂ ಒಬ್ಬನೇ ಆದಾಗ ಒಕ್ಕಲಿಗನ ಕಣ್ಣಿಗೆ ಅವನು ಜಮೀನ್ದಾರನಾಗಿಯೇ ಕಾಣುತ್ತಾನೆ. ಕಾಲಜ್ಞಾನಿಗಳು ಅರಸಿದ್ದು ತಮ್ಮ ಕಷ್ಟವನ್ನು ಕಳೆಯಬಲ್ಲ ಪ್ರಭುವನ್ನು. ಪಾದ್ರಿಗಳು ಕೊಡಬಯಸಿದ್ದು ಸೇವಕನ ಕಥೆಯನ್ನು. ಇಬ್ಬರೂ ಒಬ್ಬರನ್ನೊಬ್ಬರು ತಪ್ಪಾಗಿ ಓದಿದರು.

ಆದರೂ ಮಾತನ್ನು ನಡತೆಗೆ ಇಳಿಸಲು ಹೆಣಗಿದವರಿದ್ದರು. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ ಅವರನ್ನು 1843ರ ‘ಮಂಗಳೂರ ಸಮಾಚಾರ’ದ ಮೂಲಕ ಕನ್ನಡಿಗರೆಲ್ಲ ಬಲ್ಲರು. ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚುಮಾಡಿದವರೂ ಅವರೇ. ಅವರು ಮಂಗಳೂರಿನ ಶಾಲೆಯಲ್ಲಿ ಹುಡುಗರ ಜೊತೆಯಲ್ಲೇ ವಾಸಮಾಡಿ ಅವರ ಊಟವನ್ನೇ ಉಂಡರು. ಪಂಕ್ತಿಭೇದವೇ ಸಮಾಜದ ಬೆನ್ನೆಲುಬಾಗಿದ್ದ ಕಾಲದಲ್ಲಿ, ಅದೂ ಬಿಳಿಯನೊಬ್ಬನು ಹೀಗೆ ಮಾಡಿದ್ದು ಸಾಮಾನ್ಯವಲ್ಲ. ಅವರ ಶಿಷ್ಯ ಆನಂದರಾವ್ ಕೌಂಡಿನ್ಯರು ಸಾರಸ್ವತ ಬ್ರಾಹ್ಮಣ ಮನೆತನದವರು. 1844ರಲ್ಲಿ ದೀಕ್ಷಾಸ್ನಾನ ಹೊಂದಿ, ಬಾಸೆಲಿನಲ್ಲಿ ಓದಿ, 1851ರಲ್ಲಿ ಪಾದ್ರಿಪಟ್ಟ ಪಡೆದು ಯೂರೋಪಿಯನ್ನರ ಸಮಾನಸ್ಥಾನದಲ್ಲಿ ಕೆಲಸಮಾಡಿದರು. ಇದು ಹೆಮ್ಮೆಯ ಸಂಗತಿ. ಆದರೆ ಆ ಸಮಾನತೆಗಾಗಿ ಬಾಸೆಲಿನವರೆಗೆ ಹೋಗಬೇಕಾಯಿತಲ್ಲಾ ಎಂದು ಕೇಳದೆ ಇರಲಾಗುವುದಿಲ್ಲ. ಧಾರವಾಡದ ಉಪದೇಶಿಗೆ ಆ ಪ್ರಯಾಣದ ಅವಕಾಶವೆಲ್ಲಿಂದ ಬರಬೇಕು?

1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲರ ಕಥೆ ಇನ್ನೂ ಮಾರ್ಮಿಕವಾದದ್ದು. ಯೌವನದಲ್ಲಿ ಅವರು ಭಾರತೀಯರ ನಡುವೆ ಭಾರತೀಯನಂತೆಯೇ ಸರಳವಾಗಿ ಬಾಳಬೇಕೆಂದು ಹಟ ಹಿಡಿದರು. ಹಿರಿಯ ಪಾದ್ರಿಗಳಿಗೆ ಇದು ರುಚಿಸಲಿಲ್ಲ. ಸೇವಕನಾಗಬೇಕೆಂಬ ಉಪದೇಶವನ್ನು ಅಕ್ಷರಶಃ ತೆಗೆದುಕೊಂಡವನು ಆ ಉಪದೇಶವನ್ನು ಸಾರುವ ಸಂಸ್ಥೆಗೇ ತೊಡಕಾಗಿ ಕಂಡನು. ಕಿಟ್ಟೆಲರು ಕ್ರಮೇಣ ಗ್ರಂಥಗಳ ಕಡೆಗೆ ತಿರುಗಿದರು. ಅಚ್ಚಾದುದು ಎಪ್ಪತ್ತು ಸಾವಿರ ಶಬ್ದಗಳ ಕೋಶ, 1894ರಲ್ಲಿ. ಪಂಡಿತರ ಮುಂದೆಯೂ ಹಳ್ಳಿಗರ ಮುಂದೆಯೂ ಕುಳಿತು ಒಂದೊಂದೇ ಶಬ್ದವನ್ನು ಕೇಳಿ ಬರೆದುಕೊಳ್ಳುವವನು ಕಲಿಸುವವನಲ್ಲ, ಕಲಿಯುವವನು. ಗುರುವು ಶಿಷ್ಯನಾಗಿ ಬಾಗಿದ್ದಕ್ಕೆ ಈ ನಾಡಿನಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿಯನ್ನು ನಾನು ಕಾಣೆ.

1876ರಿಂದ 78ರವರೆಗಿನ ಮಹಾಕ್ಷಾಮ ಧಾರವಾಡ ಸೀಮೆಯನ್ನು ಹಣ್ಣುಮಾಡಿತು. ತಬ್ಬಲಿ ಮಕ್ಕಳಿಗೆ ಮಿಷನ್ ಆಶ್ರಯ ಕೊಟ್ಟಿತು. ಅದು ನಿಜವಾದ ಸೇವೆ, ಉಂಡವರು ಮರೆಯಲಿಲ್ಲ. ಆದರೆ ಅನ್ನವನ್ನು ಕೊಡುವ ಕೈ ಮೇಲಿರುತ್ತದೆ, ಪಡೆಯುವ ಕೈ ಕೆಳಗಿರುತ್ತದೆ. ಹೀಗೆ ಬೆಳೆದ ಸಭೆಗಳಲ್ಲಿ ಪಾದ್ರಿಯು ತಂದೆ, ಸಭಿಕರು ಮಕ್ಕಳು ಎಂಬ ಭಾವ ಬೇರೂರಿದ್ದು ಸಹಜ. ಹಳ್ಳಿಹಳ್ಳಿಗೆ ನಡೆದುಹೋಗಿ ಬೋಧಿಸಿ, ರೋಗಿಗಳ ಬಳಿ ಕುಳಿತು, ಬೈಗುಳವನ್ನೂ ತಿಂದ ಉಪದೇಶಿಗಳು ‘ಸಹಾಯಕ’ರಾಗಿಯೇ ಉಳಿದರು.

ಈ ಕೊರಗನ್ನು ಜಗತ್ತಿನ ಮುಂದೆ ಬಾಯಿಬಿಟ್ಟು ಹೇಳಿದವರು ತಿರುನೆಲ್ವೇಲಿ ಸೀಮೆಯ ವಿ. ಎಸ್. ಅಜರಯ್ಯನವರು. 1910ರಲ್ಲಿ ಎಡಿನ್‌ಬರೋ ನಗರದ ಮಿಷನರಿ ಮಹಾಸಭೆಯಲ್ಲಿ, ಪಾಶ್ಚಾತ್ಯರ ತ್ಯಾಗವನ್ನು ಕೊಂಡಾಡಿದ ತರುವಾಯ, ಅವರು ಬೇಡಿದ್ದು ಗೆಳೆತನವೊಂದನ್ನು. ಸಭೆಯಲ್ಲಿದ್ದ ಹಲವರಿಗೆ ಆ ಮಾತು ಕಹಿಯಾಯಿತು. 1912ರಲ್ಲಿ ಅವರೇ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರಾದರು.

ಧಾರವಾಡ ಸೀಮೆಗೆ ಈ ಬದಲಾವಣೆಯನ್ನು ತಂದದ್ದು ಭಾಷಣವಲ್ಲ, ಯುದ್ಧ. 1914ರಲ್ಲಿ ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡಾಗ ಬಾಸೆಲ್ ಮಿಷನ್ನಿನ ಪಾದ್ರಿಗಳಲ್ಲಿ ಬಹುಮಂದಿ ಜರ್ಮನ್ ಪ್ರಜೆಗಳಾಗಿದ್ದುದರಿಂದ ಸರ್ಕಾರ ಅವರನ್ನು ಬಂಧನದಲ್ಲಿಟ್ಟು, ಆಮೇಲೆ ದೇಶದಿಂದ ಹೊರಕ್ಕೆ ಕಳುಹಿಸಿತು. ಬಂಗಲೆಗಳು ಬರಿದಾದವು, ಸಭೆಗಳು ಉಳಿದವು. ಮಕ್ಕಳಿಗೆ ಪಾಠ ಹೇಳುವವರಾರು, ಸತ್ತವರನ್ನು ಮಣ್ಣುಮಾಡುವಾಗ ಪ್ರಾರ್ಥಿಸುವವರಾರು, ಕಾಣಿಕೆಯ ಲೆಕ್ಕ ಬರೆಯುವವರಾರು ಎಂಬ ಪ್ರಶ್ನೆಗಳು ಬಾಸೆಲಿನಿಂದ ಕಾಗದ ಬರುವವರೆಗೆ ಕಾಯುವಂತಿರಲಿಲ್ಲ. ಅಷ್ಟು ವರ್ಷ ಸಹಾಯಕರೆನಿಸಿಕೊಂಡಿದ್ದವರೇ ಮುಂದೆ ಬಂದು ಆ ಕೆಲಸಗಳಿಗೆ ಕೈಹಚ್ಚಿದರು.