‘ಸ್ಟ್ರೇಟ್’ ಶಬ್ದದ ಅರ್ಥ ಮತ್ತು ಮೂಲ

ಇಂಗ್ಲಿಷಿನಲ್ಲಿ ‘ಸ್ಟ್ರೇಟ್’ ಎಂದು ಉಚ್ಚರಿಸಲ್ಪಡುವ ಶಬ್ದಗಳು ಎರಡುಂಟು. ಒಂದಕ್ಕೆ ‘ಬಿಗಿಯಾದುದು, ಇಕ್ಕಟ್ಟಾದುದು’ ಎಂದೂ ಮತ್ತೊಂದಕ್ಕೆ ‘ನೇರವಾದುದು’ ಎಂದೂ ಅರ್ಥ. ಎರಡನೆಯದರ ಬರಹದಲ್ಲಿ ಮಾತ್ರ ಕೊನೆಯ ಟಕಾರಕ್ಕೆ ಮೊದಲು ಉಚ್ಚಾರಣೆಯಿಲ್ಲದ ‘ಜಿ’, ‘ಎಚ್’ ಎಂಬ ಅಕ್ಷರಗಳಿವೆ. ಕನ್ನಡ ಲಿಪಿಯಲ್ಲಿ ಬರೆದಾಗ ಈ ಭೇದವೂ ಅಳಿದುಹೋಗುವುದರಿಂದ, ಇವೆರಡೂ ಏಕಮೂಲದವೆಂದು ನಮ್ಮ ವಿದ್ಯಾರ್ಥಿಗಳು ಭಾವಿಸುವುದು ಸಹಜ. ಆ ಭಾವನೆ ಸಾಧುವಲ್ಲವೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

‘ನೇರ’ ಎಂಬರ್ಥದ ಶಬ್ದವು ಜರ್ಮಾನಿಕ್ ವಂಶದ್ದು. ‘ಎಳೆದು ಚಾಚು’ ಎಂಬರ್ಥವುಳ್ಳ ಪ್ರಾಚೀನ ಇಂಗ್ಲಿಷಿನ ‘ಸ್ಟ್ರೆಚ್ಚನ್’ ಕ್ರಿಯಾಪದದ ಭೂತಕೃದಂತದಿಂದ ಅದು ಹುಟ್ಟಿತು. ಎಳೆದ ದಾರವು ನೇರವಾಗಿರುವುದಷ್ಟೆ. ಅದರ ಮೂಕಾಕ್ಷರಗಳು ಒಂದು ಕಾಲದಲ್ಲಿ ಕಂಠದಿಂದ ಹೊರಡುತ್ತಿದ್ದ ವ್ಯಂಜನವೊಂದರ ಅವಶೇಷಗಳು.

‘ಬಿಗಿ’ ಎಂಬರ್ಥದ ಶಬ್ದವಾದರೋ ಲ್ಯಾಟಿನ್ ವಂಶದ್ದು. ಆ ಭಾಷೆಯಲ್ಲಿ ‘ಸ್ಟ್ರಿಂಗೆರೆ’ ಎಂದರೆ ಬಿಗಿದು ಕಟ್ಟುವುದು. ‘ಸ್ಟ್ರಿಕ್ಟುಸ್’ ಎಂದರೆ ಬಿಗಿಯಲ್ಪಟ್ಟುದು. ಲ್ಯಾಟಿನ್ನಿನ ‘ಕ್ಟ’ ಸಂಯುಕ್ತಾಕ್ಷರದಲ್ಲಿನ ಕಕಾರವು ಫ್ರೆಂಚಿನಲ್ಲಿ ಇಕಾರವಾಗಿ ಕರಗುವುದುಂಟು. ‘ಎಂಟು’ ಎಂಬರ್ಥದ ‘ಒಕ್ಟೊ’ ಎಂಬುದು ‘ಉಯಿಟ್’ ಆದುದು ಇದಕ್ಕೆ ನಿದರ್ಶನ. ಅದೇ ರೀತಿ ‘ಸ್ಟ್ರಿಕ್ಟುಸ್’ ಎಂಬುದು ಪ್ರಾಚೀನ ಫ್ರೆಂಚಿನಲ್ಲಿ ‘ಎಸ್ಟ್ರೇಯ್ಟ್’ ಆಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಜಯಿಸಿದ ಮೇಲೆ ಇಂಗ್ಲಿಷಿಗೆ ಹರಿದುಬಂದ ಫ್ರೆಂಚ್ ಶಬ್ದರಾಶಿಯಲ್ಲಿ ಇದೂ ಒಂದು. ಮುಂದೆ ಪಂಡಿತರು ಅದೇ ಲ್ಯಾಟಿನ್ ಪದವನ್ನು ನೇರವಾಗಿ ಎರವಲು ಪಡೆದುದರಿಂದ ‘ಸ್ಟ್ರಿಕ್ಟ್’ ಎಂಬ ರೂಪವೂ ಬಳಕೆಗೆ ಬಂದಿತು. ನಮ್ಮ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ‘ಸ್ಟ್ರಿಕ್ಟ್’ ತತ್ಸಮ, ‘ಸ್ಟ್ರೇಟ್’ ತದ್ಭವ. ನಮ್ಮ ಕಚೇರಿಗಳಲ್ಲಿ ಬಳಕೆಯಲ್ಲಿರುವ ‘ಡಿಸ್ಟ್ರಿಕ್ಟ್’ ಎಂಬುದೂ, ಫ್ರೆಂಚರು 1701ರಲ್ಲಿ ಸ್ಥಾಪಿಸಿದ ಡೆಟ್ರಾಯಿಟ್ ನಗರದ ಹೆಸರೂ ಇದೇ ಕುಲದವು.

ಎರಡು ಭೂಭಾಗಗಳ ನಡುವಣ ಇಕ್ಕಟ್ಟಾದ ಸಮುದ್ರಕ್ಕೂ ಇಂಗ್ಲಿಷಿನಲ್ಲಿ ‘ಸ್ಟ್ರೇಟ್’ ಎಂದೇ ಹೆಸರು. ಬಹುವಚನದಲ್ಲಿ ಅದು ಸಂಕಟವನ್ನೂ ಸೂಚಿಸುತ್ತದೆ. ಕನ್ನಡದ ‘ಇಕ್ಕಟ್ಟು’ ಶಬ್ದವೂ ಇಂತಹುದೇ. ನಮ್ಮ ಭೂಗೋಳ ಗ್ರಂಥಗಳು ಇದನ್ನು ‘ಜಲಸಂಧಿ’ ಎನ್ನುತ್ತವೆ. ಸಂಧಿಯೆಂದರೆ ಕೂಡುವಿಕೆ, ಆದರೆ ಅದರ ತದ್ಭವವಾದ ‘ಸಂದಿ’ ಕಿರಿದಾದ ಎಡೆಯನ್ನು ಹೇಳುತ್ತದೆ.

ಧ್ವನಿಸಾಮ್ಯವು ಅರ್ಥವನ್ನು ಕೆಡಿಸಿದುದಕ್ಕೂ ನಿದರ್ಶನವಿದೆ. 1611ರ ಇಂಗ್ಲಿಷ್ ಬೈಬಲಿನಲ್ಲಿ, ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ, ಜೀವಕ್ಕೆ ಹೋಗುವ ಬಾಗಿಲನ್ನು ಇಕ್ಕಟ್ಟೆಂಬರ್ಥದ ‘ಸ್ಟ್ರೇಟ್’ ಶಬ್ದದಿಂದ ವರ್ಣಿಸಲಾಗಿದೆ. ಕಾಲಕ್ರಮದಲ್ಲಿ ಆ ಶಬ್ದ ಬಳಕೆಯಲ್ಲಿ ವಿರಳವಾಗಲು, ಜನರು ಅದನ್ನು ‘ನೇರ’ವೆಂದೇ ತಿಳಿದರು. ಈಗ ಸಚ್ಚರಿತ್ರೆಗೆ ಬಳಸುವ ಇಂಗ್ಲಿಷ್ ನುಡಿಗಟ್ಟಿನಲ್ಲಿ ನೇರವೂ ಕಿರಿದೂ ಆದ ದಾರಿಯ ಮಾತಿದೆ. ಪ್ರವೇಶದ ಕಷ್ಟವನ್ನು ಹೇಳಿದ ಉಪದೇಶವು ಹೀಗೆ ದಾರಿಯ ನೇರವನ್ನು ಹೇಳುವಂತಾಯಿತು.

ಆದುದರಿಂದ ಕಿವಿಗೆ ಒಂದೇ ಎನಿಸಿದ ಮಾತ್ರದಿಂದ ಶಬ್ದಗಳ ಬಂಧುತ್ವವನ್ನು ನಿರ್ಣಯಿಸಲಾಗದು. ಪೂರ್ವರೂಪಗಳ ಶೋಧನೆ ಮತ್ತು ಧ್ವನಿನಿಯಮ, ಇವೆರಡರ ಸಾಕ್ಷ್ಯವೂ ಒದಗಿದಾಗಲೇ ನಿರ್ಣಯವು ಪ್ರಮಾಣವೆನಿಸುವುದು.