ಚಾವಟಿ ಹಿಡಿದ ರಾಜಕುಮಾರಿ

ಹೊಡೆದಾಟದ ಸಿನಿಮಾ ಗಂಡಸರದು ಎಂಬ ಮಾತು ನಮ್ಮಲ್ಲಿ ಹಳೆಯದು. ಆದರೆ 1935ರಲ್ಲಿ ಮುಂಬಯಿಯ ವಾಡಿಯಾ ಮೂವಿಟೋನ್ ತೆಗೆದ, ಹೋಮಿ ವಾಡಿಯಾ ನಿರ್ದೇಶಿಸಿದ ‘ಹಂಟರ್‌ವಾಲಿ’ಯಲ್ಲಿ ಚಾವಟಿ ಬೀಸಿದ್ದು ಒಬ್ಬ ಹೆಂಗಸು, ನಾದಿಯಾ. ಆಕೆ ಹುಟ್ಟಿದ್ದು 1908ರಲ್ಲಿ, ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಮೊದಲ ಹೆಸರು ಮೇರಿ ಇವಾನ್ಸ್. ಸರ್ಕಸ್ಸಿನಲ್ಲಿ ಪಳಗಿದವರು. ಕುದುರೆ ಸವಾರಿ, ನೆಗೆತ, ಕಾದಾಟಗಳನ್ನು ತಾವೇ ಮಾಡುತ್ತಿದ್ದರು. ಮರುವರ್ಷದ ‘ಮಿಸ್ ಫ್ರಾಂಟಿಯರ್ ಮೇಲ್’ನಲ್ಲಿ ರೈಲಿನ ಮೇಲೇರಿ ಹೊಡೆದಾಡಿದರು.

ಬರೀ ನೆಗೆದರೆ ಅದು ಸರ್ಕಸ್ಸಾಯಿತು. ಸಿನಿಮಾ ನೆನಪಿನಲ್ಲಿ ಉಳಿಯಬೇಕಾದರೆ ನೆಗೆತಕ್ಕೊಂದು ಕಾರಣ ಬೇಕು. ಹಂಟರ್‌ವಾಲಿಯ ರಾಜಕುಮಾರಿ ಮುಖವಾಡ ತೊಟ್ಟಿದ್ದು ದುಷ್ಟ ಮಂತ್ರಿಯ ಕೈಯಲ್ಲಿ ನರಳುವವರನ್ನು ಕಾಯಲು. ಆ ಅನ್ಯಾಯ ನೋಡುವವರ ಮನಸ್ಸಿಗೂ ನಾಟಬೇಕು. ಇಲ್ಲದಿದ್ದರೆ ಎಷ್ಟು ಧೂಳೆದ್ದರೂ ವ್ಯರ್ಥ. 1940ರ ‘ಡೈಮಂಡ್ ಕ್ವೀನ್’ನಲ್ಲಂತೂ ಹೆಣ್ಣಿನ ಓದು, ಸ್ವಾತಂತ್ರ್ಯದ ಮಾತೂ ಕಥೆಯೊಳಗೆ ಬಂತು.

ನಾದಿಯಾ 1996ರಲ್ಲಿ ತೀರಿಕೊಂಡರು. ತರಗತಿಯಲ್ಲಿ ಓಬವ್ವನ ಒನಕೆಯ ಪಾಠವಾದ ಮೇಲೆ ನಾನು ಈ ಚಾವಟಿಯ ಕಥೆಯನ್ನೂ ಹೇಳುವುದುಂಟು. ಹುಡುಗಿಯರು ಕೇಳುವುದು ಒಂದೇ: “ಬಿದ್ದಿದ್ದರೆ ಏನ್ ಗತಿ, ಮಿಸ್?”

“ಬೀಳಬಹುದು ಅಂತ ಅವರಿಗೂ ಗೊತ್ತಿತ್ತು ಕಣ್ರೇ” ಅನ್ನುತ್ತೇನೆ. ನಮ್ಮ ಹೆಣ್ಣುಮಕ್ಕಳಿಗೆ ಬೀಳಬೇಡ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನೆಗೆ ಎನ್ನುವವರೇ ಕಡಿಮೆ.